ನಾಣ್ಯ ತೊಳೆಯಬೇಡಿ, ದೀಪ ಸರಿಸಿ

(ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ವಾಚನಾಲಯದಲ್ಲಿ ಭಾನುವಾರ ಸಂಜೆ ಆಡಿದ ಮಾತುಗಳನ್ನು ಇಲ್ಲಿ ಬರೆದಿದ್ದೇನೆ. ಅಂದು ಮೇಜಿನ ಮೇಲಿದ್ದ ಕ್ಯಾಮೆರಾ ಕಂಡದ್ದೆಲ್ಲ ಗೋಡೆಯ ಪರದೆಯಲ್ಲಿ ಕಾಣುತ್ತಿತ್ತು. ಆಗ ಕೈಯಿಂದ ತೋರಿಸಿದ್ದನ್ನು ಈಗ ಮಾತಿನಲ್ಲಿ ತುಂಬಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ನಾನು ಮಾಡಿದ ಒಂದು ತಪ್ಪಿನ ವಿಷಯ ಹೇಳುತ್ತೇನೆ. ಯಾಕೆಂದರೆ ಇವತ್ತು ಹೇಳಬೇಕಾದ್ದೆಲ್ಲ ಅಲ್ಲಿಂದಲೇ ಶುರುವಾಗುತ್ತದೆ.

ನಾನು ಹೈಸ್ಕೂಲಿನಲ್ಲಿದ್ದಾಗ ಅಜ್ಜಿಯ ಮರದ ಪೆಟ್ಟಿಗೆಯಲ್ಲಿ ಒಂದು ತಾಮ್ರದ ಬಿಲ್ಲೆ ಇತ್ತು. ಒಂದು ಬದಿಯಲ್ಲಿ ಆನೆ, ಇನ್ನೊಂದು ಬದಿಯಲ್ಲಿ ಫಾರ್ಸಿ ಅಕ್ಷರ. ಟಿಪ್ಪುವಿನ ಕಾಲದ್ದು. ಅಜ್ಜಿ ಅದನ್ನು ಆನೆ ದುಡ್ಡು ಅನ್ನುತ್ತಿದ್ದರು. ಹಳೆಯ ಬೀಟೆ ಮರದ ಬಾಗಿಲಿಗೆ ಇರುತ್ತದಲ್ಲ, ಅಂಥ ಕಪ್ಪು ಕಂದು ಬಣ್ಣ. ಸೋದರಮಾವನ ಕ್ಯಾಮೆರಾ ತಂದು, ಫ್ಲಾಶ್ ಹಾಕಿ, ನೆಟ್ಟಗೆ ಮೇಲಿಂದ ಒಂದು ಫೋಟೋ ತೆಗೆದೆ. ರೋಲ್ ತೊಳೆಸಿ ತಂದು ನೋಡಿದರೆ ನಡುವೆ ಒಂದು ಬಿಳಿ ಕಲೆ, ಸುತ್ತ ಪೂರಾ ಕಪ್ಪು. ಆನೆಯೇ ಇಲ್ಲ. ನಾಣ್ಯ ಕೊಳೆಯಾಗಿದೆ, ಅದಕ್ಕೇ ಹೀಗೆ ಬಂತು ಅಂದುಕೊಂಡೆ. ಬಚ್ಚಲಿಗೆ ಹೋಗಿ, ದೇವರ ದೀಪ ತಿಕ್ಕುವ ಹಾಗೆ ಹುಣಸೆ ಹುಳಿ, ಒಲೆಯ ಬೂದಿ ಹಾಕಿ ಚೆನ್ನಾಗಿ ತಿಕ್ಕಿದೆ.

ಬಿಲ್ಲೆ ಫಳಫಳ ಆಯಿತು. ನಾಲ್ಕು ದಿನ. ಆಮೇಲೆ ಅಲ್ಲಲ್ಲಿ ಕೆಂಪು, ಅಲ್ಲಲ್ಲಿ ಮಸಿ. ಆನೆಯ ಕಣ್ಣಿನ ಗೆರೆ ಹೋಗಿತ್ತು. ಕಿವಿಯ ಮಡಿಕೆ ಹೋಗಿತ್ತು. ಮೈಮೇಲೆಲ್ಲ ಬೂದಿ ಗೀರಿದ ಸಣ್ಣ ಗೆರೆಗಳು, ಎಲ್ಲ ಒಂದೇ ದಿಕ್ಕಿಗೆ.

ಆ ಕಪ್ಪು ಕಂದು ಬಣ್ಣ ಕೊಳೆಯಾಗಿರಲಿಲ್ಲ. ತಾಮ್ರ ಗಾಳಿಯ ಜೊತೆ ಸೇರಿ ತನ್ನ ಮೈಮೇಲೆ ತಾನೇ ಕಟ್ಟಿಕೊಂಡ ಚರ್ಮ ಅದು. ಆಗುವುದಕ್ಕೆ ಇನ್ನೂರು ವರ್ಷ ಹತ್ತಿರ ಹಿಡಿದಿತ್ತು. ನಾನು ಹತ್ತು ನಿಮಿಷದಲ್ಲಿ ಸುಲಿದು ಹಾಕಿದೆ. ದೀಪವನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದ್ದರೆ ಆ ಕಪ್ಪಿನಲ್ಲೇ ಆನೆ ಎದ್ದು ಬರುತ್ತಿತ್ತು. ಅದು ಗೊತ್ತಾಗುವುದಕ್ಕೆ ನನಗೆ ಇನ್ನೂ ಹದಿನೈದು ವರ್ಷ ಬೇಕಾಯಿತು.

ಈ ಊರುಗಳಲ್ಲಿ ಮನೆಮನೆಯ ಪೆಟ್ಟಿಗೆಯಲ್ಲಿ, ದೈವದ ಭಂಡಾರದಲ್ಲಿ ಇನ್ನೂ ನಾಣ್ಯಗಳಿವೆ. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಫೋಟೋ ಚೆನ್ನಾಗಿ ಬರಲಿ ಅಂತ ನಾಣ್ಯವನ್ನು ತಿಕ್ಕುವವರು ಜಾಸ್ತಿಯಾಗುತ್ತಿದ್ದಾರೆ. ಅದು ನಿಲ್ಲಬೇಕು ಅಂತ ನನ್ನ ಆಸೆ. ಅದಕ್ಕೇ ಬಂದದ್ದು.

ಬೆಳಕಿನ ವಿಷಯಕ್ಕೆ ಬರುತ್ತೇನೆ. ಗದ್ದೆ ಬೈಲನ್ನು ನಡು ಮಧ್ಯಾಹ್ನ ನೋಡಿ. ಎಲ್ಲ ಒಂದೇ ಹಸಿರು, ಚಾಪೆ ಹಾಸಿದ ಹಾಗೆ. ಅದೇ ಬೈಲನ್ನು ಸಂಜೆ ಐದೂವರೆಗೆ ನೋಡಿ. ಒಂದೊಂದು ಹುಣಿಗೂ ನೆರಳು ಬಂದಿರುತ್ತದೆ. ಎತ್ತಿನ ಹೆಜ್ಜೆ ಕೂಡ ಕಾಣುತ್ತದೆ. ಬೇಕಲ ಕೋಟೆಯ ಮುರಕಲ್ಲಿನ ಗೋಡೆಯೂ ಹಾಗೆಯೇ. ಹನ್ನೆರಡು ಗಂಟೆಗೆ ತೆಗೆದ ಫೋಟೋದಲ್ಲಿ ಕೆಂಪು ಬಣ್ಣ ಬಳಿದ ಗೋಡೆಯಂತಿರುತ್ತದೆ, ಸಂಜೆ ಕಲ್ಲಿನ ತೂತು ತೂತೂ ಎಣಿಸಬಹುದು. ಗೋಡೆ ಬದಲಾಗಲಿಲ್ಲ, ಸೂರ್ಯ ಕೆಳಗೆ ಬಂದ ಅಷ್ಟೆ. ಶಾಸನ ಓದುವವರು ಬೆಳಗ್ಗೆ ಸಂಜೆಯ ಓರೆ ಬಿಸಿಲಿಗೆ ಕಾಯುವುದು, ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿಗೆ ಒರಗಿಸಿ ಹಿಡಿಯುವುದು ಇದಕ್ಕೇ.

ನಾಣ್ಯವೂ ಒಂದು ಬೈಲು. ಆದರೆ ಒಂದು ವ್ಯತ್ಯಾಸ ಇದೆ. ಇದು ಲೋಹ, ಹೊಳೆಯುತ್ತದೆ. ಗೋಡೆಗೆ ಓರೆಯಾಗಿ ಎಸೆದ ಚೆಂಡು ಅಷ್ಟೇ ಓರೆಯಾಗಿ ಆಚೆಗೆ ಪುಟಿಯುತ್ತದೆ ಅಲ್ವಾ? ಬೆಳಕೂ ಹಾಗೆಯೇ. ನಾಣ್ಯದ ಸಮತಟ್ಟು ಜಾಗ ಒಂದು ಕನ್ನಡಿ. ಮೂಗಿನ ಇಳಿಜಾರು ಇನ್ನೊಂದು ಕನ್ನಡಿ. ಅಕ್ಷರದ ಅಂಚು ಮತ್ತೊಂದು. ಒಂದೊಂದೂ ಒಂದೊಂದು ಕಡೆಗೆ ವಾಲಿದೆ. ಇವುಗಳಲ್ಲಿ ಯಾವ ಕನ್ನಡಿ ನಿಮ್ಮ ದೀಪವನ್ನು ಲೆನ್ಸಿಗೆ ತೋರಿಸುತ್ತದೆ, ಯಾವುದು ತೋರಿಸುವುದಿಲ್ಲ, ಇದನ್ನು ನೀವೇ ತೀರ್ಮಾನಿಸಬಹುದು. ನಾನು ಫ್ಲಾಶ್ ಹಾಕಿದಾಗ ಸಮತಟ್ಟು ಜಾಗ ಫ್ಲಾಶನ್ನೇ ವಾಪಸ್ ಕಳಿಸಿತು. ಉಳಿದದ್ದು ಬೇರೆ ಕಡೆಗೆ ಕಳಿಸಿತು. ಬಿಳಿ ಕಲೆ, ಸುತ್ತ ಕಪ್ಪು.

ಈಗ ಪರದೆ ನೋಡಿ. ಇದು 1840ರ ವಿಕ್ಟೋರಿಯಾ ರೂಪಾಯಿ, ಕಂಪನಿ ಸರಕಾರದ್ದು. 11.66 ಗ್ರಾಂ ತೂಕ, ಅಂದರೆ ಸರಿಯಾಗಿ ಒಂದು ತೊಲ. ಅಜ್ಜಿಯರು ಬಂಗಾರವನ್ನು ರೂಪಾಯಿ ಇಟ್ಟು ತೂಗಿಸುತ್ತಿದ್ದದ್ದು ಇದೇ ಲೆಕ್ಕದಲ್ಲಿ. ಅಗಲ ಮೂವತ್ತು ಮಿಲಿಮೀಟರ್ ಚಿಲ್ಲರೆ. ಸಭೆಯ ಟ್ಯೂಬ್‌ಲೈಟ್ ಆರಿಸಿ ಅಂದಿದ್ದೆ, ಆರಿಸಿದ್ದಾರೆ. ನನ್ನ ಕೈಯಲ್ಲಿರುವುದು ಸಣ್ಣ ಟಾರ್ಚ್ ಒಂದೇ. ನಾಣ್ಯವನ್ನು ಗಡಿಯಾರ ಅಂದುಕೊಳ್ಳಿ. ರಾಣಿಯ ತಲೆ ಹನ್ನೆರಡು ಗಂಟೆಯ ಕಡೆಗಿದೆ.

ಟಾರ್ಚನ್ನು ಹತ್ತು ಗಂಟೆಯ ಜಾಗದಲ್ಲಿ ಹಿಡಿಯುತ್ತೇನೆ, ನಾಣ್ಯದಿಂದ ಒಂದು ಗೇಣು ದೂರ, ಸುಮಾರು ನಲವತ್ತೈದು ಡಿಗ್ರಿ ಎತ್ತರ. ಮುಖ ಎಡಕ್ಕೆ ತಿರುಗಿದೆ, ಹಾಗಾಗಿ ಹಣೆ, ಮೂಗು, ತುಟಿ ಬೆಳಗುತ್ತವೆ. ಕೆನ್ನೆ ದುಂಡಗೆ ಕಾಣುತ್ತದೆ. ತುರುಬಿನ ಹಿಂದೆ ಸಣ್ಣ ನೆರಳು. ಚೆನ್ನಾಗಿದೆ. ಈಗ ಎರಡು ಗಂಟೆಗೆ ಸರಿಸುತ್ತೇನೆ. ತುರುಬಿನ ಎಳೆ ಎಳೆ ಬಂತು, ಆದರೆ ಮುಖ ಮಂಕಾಯಿತು. ಹೀಗಾಗಿ ಎಡಕ್ಕೆ ನೋಡುವ ಮುಖಕ್ಕೆ ಮುಖ್ಯ ದೀಪ ಎಡಗಡೆ ಮೇಲೆ, ಬಲಕ್ಕೆ ಎರಡನೆಯದು ಸ್ವಲ್ಪ ದೂರದಲ್ಲಿ.

ಈಗ ಗಮನ ಇಟ್ಟು ನೋಡಿ. ಟಾರ್ಚನ್ನು ನಿಧಾನ ಆರು ಗಂಟೆಗೆ, ಕುತ್ತಿಗೆಯ ಕೆಳಗೆ, ತರುತ್ತೇನೆ.

ಕಂಡಿತಾ? ಮುಖ ಒಳಗೆ ಹೋಯಿತು! ಉಬ್ಬು ಇದ್ದದ್ದು ತಗ್ಗಾಯಿತು. ಹಿಂದಿನ ಸಾಲಿನಿಂದ ‘ಓ’ ಅಂತ ಕೇಳಿಸಿತು. ನಾಣ್ಯವನ್ನು ನಾನು ಮುಟ್ಟಿಲ್ಲ. ನಮ್ಮ ಕಣ್ಣು ಹುಟ್ಟಿದಂದಿನಿಂದ ಸೂರ್ಯನನ್ನು ಮೇಲೆ ನೋಡಿ ಬೆಳೆದದ್ದು. ಬೆಳಕು ಮೇಲಿಂದಲೇ ಬರುತ್ತದೆ ಅಂತ ಅದರ ನಂಬಿಕೆ. ಚಿತ್ರದಲ್ಲಿ ಬೆಳಕು ಕೆಳಗಿಂದ ಬಂದರೆ ಅದು ಬೆಳಕನ್ನು ತಿದ್ದಿಕೊಳ್ಳುವುದಿಲ್ಲ, ಉಬ್ಬನ್ನೇ ತಗ್ಗು ಮಾಡಿಕೊಳ್ಳುತ್ತದೆ.

ಇದು ಬರೀ ಚಮತ್ಕಾರ ಅಲ್ಲ. ಇದೇ ರೂಪಾಯಿಯ ಕುತ್ತಿಗೆ ಕೊನೆಯಾಗುವಲ್ಲಿ ಅಚ್ಚು ಕೆತ್ತಿದ ವಿಲಿಯಂ ವಯಾನ್‌ನ ಹೆಸರಿನ ಎರಡು ಅಕ್ಷರಗಳಿವೆ, ಡಬ್ಲ್ಯೂ ಡಬ್ಲ್ಯೂ ಅಂತ. ಕೆಲವು ನಾಣ್ಯಗಳಲ್ಲಿ ಅದು ಉಬ್ಬು, ಕೆಲವದರಲ್ಲಿ ಕೊರೆದ ತಗ್ಗು. ಸಂಗ್ರಹ ಮಾಡುವವರಿಗೆ ಇವು ಬೇರೆ ಬೇರೆ ಜಾತಿ. ಕೆಳಗಿನ ಬೆಳಕಲ್ಲಿ ತೆಗೆದ ಫೋಟೋ ಕಳಿಸಿ ‘ಇದು ಯಾವುದು?’ ಅಂತ ಕೇಳಿದರೆ ಉತ್ತರ ತಪ್ಪಾಗಬಹುದು. ಅದಕ್ಕೆ ಒಂದು ಅಭ್ಯಾಸ ಇಟ್ಟುಕೊಳ್ಳಿ: ದೀಪ ಒಂಬತ್ತರಿಂದ ಮೂರು ಗಂಟೆಯ ಒಳಗೆ, ಮೇಲಿನ ಅರ್ಧದಲ್ಲೇ ಇರಲಿ. ಇನ್ನೊಂದು ಜಾಗ್ರತೆ ಇದೆ. ಫೋಟೋ ತೆಗೆದ ಮೇಲೆ ಚಿತ್ರವನ್ನು ತಲೆಕೆಳಗು ತಿರುಗಿಸಿ ನೇರ ಮಾಡಿದರೆ ದೀಪವೂ ಅದರ ಜೊತೆ ತಿರುಗುತ್ತದೆ. ನಾಣ್ಯವನ್ನು ಇಡುವಾಗಲೇ ನೇರ ಇಡಿ.

ಯಕ್ಷಗಾನ ನೋಡಿ ಬೆಳೆದವರಿಗೆ ಇದೆಲ್ಲ ಹೊಸದಲ್ಲ. ಯಕ್ಷಗಾನ ಪ್ರಸಂಗ ಬರೆದ ಪಾರ್ತಿಸುಬ್ಬನ ಸೀಮೆಯವರು ನಾವು. ದೊಂದಿಯ ಬೆಳಕಲ್ಲಿ ಕಿರೀಟದ ಒಂದೊಂದು ಉಬ್ಬೂ ಮಿಂಚುತ್ತಿತ್ತು ಅಂತ ಹಿರಿಯರು ಹೇಳುತ್ತಾರೆ. ನಾಲ್ಕೂ ಕಡೆಯಿಂದ ಬಿಳಿ ಲೈಟ್ ಸುರಿದರೆ ಅದೇ ಕಿರೀಟ ಚಪ್ಪಟೆ. ನಾಣ್ಯಕ್ಕೂ ದೀಪ ಜಾಸ್ತಿಯಾದರೆ ನಷ್ಟವೇ. ಮೊದಲು ಒಂದೇ ದೀಪದಲ್ಲಿ ಕೆಲಸ ಮಾಡಿ. ನೆರಳು ತೀರಾ ಕಪ್ಪಾದರೆ ಎದುರು ಬದಿಗೆ ಒಂದು ಬಿಳಿ ಕಾಗದ ನಿಲ್ಲಿಸಿ. ಎರಡನೆಯ ದೀಪ ಆಮೇಲೆ.

ಸವೆದ ತಾಮ್ರದ ನಾಣ್ಯಕ್ಕೆ, ಅಂದರೆ ನಮ್ಮ ಆನೆ ದುಡ್ಡಿನಂಥದ್ದಕ್ಕೆ, ದೀಪ ತೀರಾ ಕೆಳಗೆ ಬರಬೇಕು. ಮೇಜಿಗೆ ಒರಗಿದ ಹಾಗೆ, ಹದಿನೈದು ಇಪ್ಪತ್ತು ಡಿಗ್ರಿ. ಬೆರಳಿಗೆ ತಾಗದ ಉಬ್ಬಿಗೂ ಆಗ ನೆರಳು ಬರುತ್ತದೆ. ಅಳಿಸಿಹೋಗಿದೆ ಅಂದುಕೊಂಡ ಅಕ್ಷರ ಓದಬಹುದು. ಆದರೆ ಒಂದು ದಿಕ್ಕಿನಿಂದ ನೋಡಿ ಬಿಡಬೇಡಿ. ದೀಪದ ದಿಕ್ಕಿಗೇ ಉದ್ದಕ್ಕೆ ಮಲಗಿದ ಗೆರೆಗೆ ನೆರಳು ಬೀಳುವುದಿಲ್ಲ, ಅದು ಮಾಯ. ಅಡ್ಡ ದೀಪಕ್ಕೆ ಅದು ಎದ್ದು ನಿಲ್ಲುತ್ತದೆ. ಹಾಗಾಗಿ ನಾಲ್ಕು ದಿಕ್ಕಿನಿಂದ ನಾಲ್ಕು ಫೋಟೋ ತೆಗೆಯಿರಿ. ಇದು ಓದುವುದಕ್ಕೆ, ಅಂದಕ್ಕಲ್ಲ. ಓದುವಾಗ ಕೆಳಗಿನ ಬೆಳಕೂ ಬೇಕಾಗಬಹುದು, ಆದರೆ ಬೇರೆಯವರಿಗೆ ತೋರಿಸುವ ಫೋಟೋ ಅದಲ್ಲ.

ಹೊಸ ಬೆಳ್ಳಿ ನಾಣ್ಯದ ಕತೆ ಬೇರೆ. ಟಂಕಸಾಲೆಯಲ್ಲಿ ಅಚ್ಚು ಬಡಿಯುವಾಗ ಲೋಹ ನಡುವಿನಿಂದ ಅಂಚಿಗೆ ಹರಿಯುತ್ತದೆ. ಆ ಹರಿವಿನ ಗೆರೆಗಳು ಕಣ್ಣಿಗೆ ಕಾಣದಷ್ಟು ಸಣ್ಣ. ಒಂದು ಪುಟ್ಟ ದೀಪದ ಕೆಳಗೆ ನಾಣ್ಯವನ್ನು ಓಲಾಡಿಸಿದರೆ ಹೊಳಪಿನ ಎರಡು ಪಟ್ಟಿ ಗಾಡಿ ಚಕ್ರದ ಅರದ ಹಾಗೆ ತಿರುಗುತ್ತವೆ. ಈ ಹೊಳಪು ಇದ್ದರೆ ನಾಣ್ಯ ಚಲಾವಣೆಯಲ್ಲಿ ಸವೆದಿಲ್ಲ, ಯಾರೂ ತಿಕ್ಕಿಲ್ಲ ಅಂತ ಅರ್ಥ. ತಿಕ್ಕಿದ ನಾಣ್ಯ ಬೆಳ್ಳಗಿರುತ್ತದೆ, ಆದರೆ ಅರ ತಿರುಗುವುದಿಲ್ಲ. ಈ ಹೊಳಪು ಫೋಟೋದಲ್ಲಿ ಬರಬೇಕಾದರೆ ದೀಪ ಸಣ್ಣದಾಗಿರಬೇಕು, ಅಡ್ಡ ಕಾಗದ ಹಿಡಿಯಬಾರದು. ಬೆಳ್ಳಿಗೆ ಗಂಧಕ ತಾಗಿ ಬರುವ ನೀಲಿ, ಕೇಸರಿ, ನವಿಲುಗರಿಯಂಥ ಬಣ್ಣಗಳೂ ಹಾಗೆಯೇ. ಬೆಳಕು ನೇರ ಪುಟಿದು ಲೆನ್ಸಿಗೆ ಬಂದರೆ ಮಾತ್ರ ಬಣ್ಣ, ಇಲ್ಲದಿದ್ದರೆ ಬರೀ ಬೂದು.

ಕಾಗದ ಯಾವಾಗ ಬೇಕು? ಗೀರು ಜಾಸ್ತಿ ಇದ್ದಾಗ, ಹೊಳಪು ಕಣ್ಣಿಗೆ ಹೊಡೆಯುವಾಗ, ಬಂಗಾರದ ಸಣ್ಣ ನಾಣ್ಯ ಇದ್ದಾಗ. ಬಟರ್ ಪೇಪರನ್ನು ಕೊಳವೆ ಮಾಡಿ ನಾಣ್ಯದ ಸುತ್ತ ನಿಲ್ಲಿಸಿ, ದೀಪ ಹೊರಗಿರಲಿ. ದುಡ್ಡು ಖರ್ಚಿಲ್ಲದೆ ಇದಕ್ಕಿಂತ ಚೆಂದದ ಬೆಳಕು ಬೇಕಾದರೆ ಆಟಿ ತಿಂಗಳು ಕಾಯಿರಿ. ಮೋಡ ಮುಚ್ಚಿದ ಆಕಾಶವೇ ಒಂದು ದೊಡ್ಡ ಬಟರ್ ಪೇಪರ್. ಜಗಲಿಯ ಅಂಚಿನಲ್ಲಿ ಮೇಜು ಹಾಕಿ, ಅಂಗಳದ ಕಡೆಯಿಂದ ಬೆಳಕು ಬರುವ ಹಾಗೆ ನಾಣ್ಯ ಇಟ್ಟರೆ ಸಾಕು. ನನ್ನ ಒಳ್ಳೆಯ ಫೋಟೋಗಳಲ್ಲಿ ಅರ್ಧ ಮಳೆಗಾಲದ್ದು.

ಬಂಗಾರ ಅಂದೆ. ಬೇಕಲ ಕೋಟೆ ಕಟ್ಟಿಸಿದ ಕೆಳದಿಯ ನಾಯಕರ ವರಹವನ್ನು ಒಬ್ಬ ಸ್ನೇಹಿತರ ಮನೆಯಲ್ಲಿ ತೆಗೆಯುವ ಅವಕಾಶ ಸಿಕ್ಕಿತ್ತು. ಹೆಚ್ಚು ಕಡಿಮೆ ಅಂಗಿಯ ಗುಂಡಿಯಷ್ಟೇ ಅಗಲ, ಮೂರೂವರೆ ಗ್ರಾಂ ಹತ್ತಿರ ತೂಕ. ಅಷ್ಟರಲ್ಲಿ ಶಿವ ಪಾರ್ವತಿ ಇಬ್ಬರೂ ಕೂತಿದ್ದಾರೆ. ಒಬ್ಬೊಬ್ಬರ ಮುಖ ಎಳ್ಳು ಕಾಳಿನಷ್ಟು. ಹಿಂಬದಿಗೆ ನಾಗರಿಯಲ್ಲಿ ಶ್ರೀ ಸದಾಶಿವ. 1763ರಲ್ಲಿ ಹೈದರ್ ಅವರ ರಾಜಧಾನಿ ಬಿದನೂರು ಹಿಡಿದ ಮೇಲೂ ಶಿವ ಪಾರ್ವತಿಯರನ್ನು ನಾಣ್ಯದಿಂದ ತೆಗೆಯಲಿಲ್ಲ. ಹಿಂಬದಿಗೆ ಮಾತ್ರ ತನ್ನ ಹೆಸರಿನ ಮೊದಲ ಫಾರ್ಸಿ ಅಕ್ಷರ ಹಾಕಿಸಿದ, ಸುತ್ತ ನುಚ್ಚು ಚೆಲ್ಲಿದ ಹಾಗೆ ಚುಕ್ಕೆಗಳು.

ಆ ಮನೆಯಲ್ಲಿ ನಾಯಕರ ವರಹ, ಹೈದರನ ವರಹ ಎರಡೂ ಪಕ್ಕಪಕ್ಕ ಇದ್ದವು. ಶಿವ ಪಾರ್ವತಿಗೆ ಕೊಳವೆಯ ಒಳಗಿನ ಮೆತ್ತಗಿನ ಬೆಳಕು, ಮೇಲಿಂದ ಸ್ವಲ್ಪ ಜೋರು, ಚೆನ್ನಾಗಿ ಹೊಂದಿತು. ಹೈದರನ ಹಿಂಬದಿಗೆ ಏನು ಮಾಡಿದರೂ ಆಗಲಿಲ್ಲ. ಓರೆ ಬೆಳಕು ಹಾಕಿದರೆ ಪ್ರತಿ ಚುಕ್ಕೆಗೂ ಒಂದು ನೆರಳು, ಆ ನೆರಳಿನ ಗದ್ದಲದಲ್ಲಿ ಅಕ್ಷರ ಮುಳುಗಿತು. ಕೊನೆಗೆ ಗಾಜಿನ ಉಪಾಯ ಮಾಡಿದೆ.

ಈ ಉಪಾಯವನ್ನು ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮನೆಯಲ್ಲೇ ಮಾಡಬಹುದು. ಬೆಳಕು ಲೆನ್ಸ್ ಇರುವ ದಿಕ್ಕಿನಿಂದಲೇ, ನೆಟ್ಟಗೆ ಕೆಳಗೆ ಬೀಳಬೇಕು. ಆದರೆ ಅಲ್ಲಿ ಕ್ಯಾಮೆರಾ ಇದೆ, ದೀಪ ಇಡುವುದು ಹೇಗೆ? ಹಳೆಯ ಫೋಟೋ ಫ್ರೇಮಿನ ತೆಳು ಗಾಜು ತೆಗೆದುಕೊಳ್ಳಿ. ಚೆನ್ನಾಗಿ ಒರೆಸಿ. ನಾಣ್ಯ ಮತ್ತು ಲೆನ್ಸಿನ ನಡುವೆ ನಲವತ್ತೈದು ಡಿಗ್ರಿ ಓರೆಯಾಗಿ ನಿಲ್ಲಿಸಿ. ಥರ್ಮಾಕೋಲಿನಲ್ಲಿ ಎರಡು ತ್ರಿಕೋನ ಕತ್ತರಿಸಿದರೆ ಗಾಜು ಅದರ ಮೇಲೆ ಒರಗುತ್ತದೆ. ದೀಪದ ಕಡೆಯ ಅಂಚು ಮೇಲೆ, ಆಚೆಯ ಅಂಚು ಕೆಳಗೆ. ದೀಪ ಪಕ್ಕದಿಂದ, ಗಾಜಿನ ಎತ್ತರಕ್ಕೆ ಅಡ್ಡಲಾಗಿ ಬರಲಿ. ಗಾಜು ಅದರಲ್ಲಿ ಸುಮಾರು ಹತ್ತನೇ ಒಂದು ಪಾಲನ್ನು ಕೆಳಗೆ ನಾಣ್ಯಕ್ಕೆ ತಿರುಗಿಸುತ್ತದೆ. ನಾಣ್ಯದಿಂದ ಮೇಲೆ ಬಂದದ್ದು ಗಾಜನ್ನು ದಾಟಿ ಲೆನ್ಸಿಗೆ ಹೋಗುತ್ತದೆ.

ಎರಡು ಜಾಗದಲ್ಲಿ ಎಲ್ಲರೂ ತಪ್ಪುತ್ತಾರೆ. ದೀಪದ ಬೆಳಕು ಪಕ್ಕದಿಂದ ನೇರವಾಗಿ ನಾಣ್ಯಕ್ಕೆ ಬೀಳಬಾರದು, ನಡುವೆ ಒಂದು ರಟ್ಟಿನ ತುಂಡು ನಿಲ್ಲಿಸಿ. ಇನ್ನು ದೀಪದ ಎದುರು ಬದಿಗೆ ಕಪ್ಪು ಬಟ್ಟೆ ಬೇಕೇ ಬೇಕು. ಗಾಜಿನ ಮೇಲ್ಮೈ ಆ ಬದಿಯ ಗೋಡೆಯನ್ನು ಕ್ಯಾಮೆರಾಕ್ಕೆ ತೋರಿಸುತ್ತದೆ. ಗೋಡೆ ಬೆಳ್ಳಗಿದ್ದರೆ ಚಿತ್ರದ ಮೇಲೆ ಮಂಜು ಕವಿದಂತಾಗುತ್ತದೆ.

ಹೀಗೆ ಮಾಡಿದರೆ ಏನಾಗುತ್ತದೆ ನೋಡಿ. ಸಮತಟ್ಟಾದದ್ದೆಲ್ಲ ಬೆಳ್ಳಗೆ, ಇಳಿಜಾರೆಲ್ಲ ಕಪ್ಪಗೆ. ನೆರಳೇ ಇಲ್ಲ. ಶಾಯಿಯಲ್ಲಿ ಬರೆದ ಚಿತ್ರದ ಹಾಗೆ. ಆ ಚುಕ್ಕೆಗಳ ನಡುವಿನಿಂದ ಹೈದರನ ಅಕ್ಷರ ಬಳ್ಳಿಯಂತೆ ಬಂತು. ಸ್ನೇಹಿತರ ತಾಯಿ ಕನ್ನಡಕ ಹಾಕಿಕೊಂಡು ಬಂದು ನೋಡಿದರು. ಐವತ್ತು ವರ್ಷದಿಂದ ಮನೆಯಲ್ಲಿದ್ದ ನಾಣ್ಯದಲ್ಲಿ ಅಕ್ಷರ ಇದೆ ಅಂತ ಅವರಿಗೆ ಅಂದೇ ಗೊತ್ತಾದದ್ದು. ಕನ್ನಡಿ ಹೊಳಪಿನ ಸ್ಮರಣೆ ನಾಣ್ಯಗಳಿಗೂ ಈ ಗಾಜೇ ಸರಿ. ತೀರಾ ಸವೆದದ್ದಕ್ಕೆ ಮಾತ್ರ ಬೇಡ.

ಬೆಳಕು ತಪ್ಪಿದರೆ ಪ್ರಾಣಿಯೇ ಬದಲಾಗಬಹುದು. 1911ರ ರೂಪಾಯಿ ಗೊತ್ತಿರಬೇಕು. ಐದನೇ ಜಾರ್ಜ್ ರಾಜನ ಮೇಲಂಗಿಯ ಮೇಲೆ ಒಂದು ಸಣ್ಣ ಆನೆ ಇತ್ತು. ಅದರ ಸೊಂಡಿಲು ಗಿಡ್ಡ. ಜನರಿಗೆ ಅದು ಹಂದಿಯಂತೆ ಕಂಡಿತು. ಗಲಾಟೆಯಾಯಿತು. ಸರಕಾರ ನಾಣ್ಯ ವಾಪಸ್ ತೆಗೆದುಕೊಂಡು 1912ರಿಂದ ಸೊಂಡಿಲು ತಿದ್ದಿದ ಅಚ್ಚು ಹಾಕಿಸಿತು. ಇಂದಿಗೂ ಅದಕ್ಕೆ ಹಂದಿ ರೂಪಾಯಿ ಅನ್ನುತ್ತಾರೆ. ಈ ಎರಡನ್ನೂ ಬೇರೆ ಮಾಡಿ ತೋರಿಸುವುದು ಫೋಟೋದವರಿಗೆ ಒಳ್ಳೆಯ ಪರೀಕ್ಷೆ. ಕೆಟ್ಟ ಬೆಳಕಲ್ಲಿ ಸೊಂಡಿಲಿನ ತುದಿ ನೆರಳಿಗೆ ಸಿಕ್ಕಿದರೆ ತಿದ್ದಿದ ಆನೆಯೂ ಪುನಃ ಹಂದಿಯಾಗುತ್ತದೆ. ಇಂಥ ಜಾಗ ಇದ್ದಾಗ ನಾಣ್ಯದ ಇಡೀ ಫೋಟೋ ಒಂದು, ಆ ಜಾಗಕ್ಕೆಂದೇ ದೀಪ ಹೊಂದಿಸಿ ಇನ್ನೊಂದು ತೆಗೆಯಿರಿ.

ಕ್ಯಾಮೆರಾದ ವಿಷಯ ಬೇಗ ಮುಗಿಸುತ್ತೇನೆ. ಕ್ಯಾಮೆರಾ ಯಾವುದಾದರೂ ಆಗುತ್ತದೆ, ಅಲುಗಾಡಬಾರದು, ಓರೆಯಾಗಬಾರದು. ಓರೆ ಆದರೆ ದುಂಡು ನಾಣ್ಯ ಮೊಟ್ಟೆಯಾಗುತ್ತದೆ, ಒಂದು ಅಂಚು ಮಂಜಾಗುತ್ತದೆ. ನಾಣ್ಯ ಇಡುವ ಜಾಗದಲ್ಲಿ ಒಂದು ಸಣ್ಣ ಕನ್ನಡಿ ಮಲಗಿಸಿ ನೋಡಿ. ಲೆನ್ಸಿನ ಪ್ರತಿಬಿಂಬ ಪರದೆಯ ನಟ್ಟನಡುವೆ ಬಂದರೆ ನೇರ ಇದೆ ಅಂತ ಅರ್ಥ. ಕನ್ನಡಿ ತೆಗೆದು ನಾಣ್ಯ ಇಡಿ. ಎರಡು ಸೆಕೆಂಡಿನ ಟೈಮರ್ ಹಾಕಿ ಕೈ ತೆಗೆಯಿರಿ. ಸೆಖೆ ಎಷ್ಟಿದ್ದರೂ ಫ್ಯಾನ್ ಆರಿಸಿ. ಮೇಜು ನಡುಗುವುದು ನಮಗೆ ಗೊತ್ತಾಗುವುದಿಲ್ಲ, ಅಷ್ಟು ಹತ್ತಿರದಿಂದ ಲೆನ್ಸಿಗೆ ಗೊತ್ತಾಗುತ್ತದೆ.

ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ತೆಗೆದುಕೊಳ್ಳುವವರು 100 ಮಿಲಿಮೀಟರಿನ ಹತ್ತಿರದ್ದು ನೋಡಿ. ಲೆನ್ಸಿನ ಮೂತಿಗೂ ನಾಣ್ಯಕ್ಕೂ ನಡುವೆ ದೀಪ ಹೊಕ್ಕುವಷ್ಟು ಜಾಗ ಉಳಿಯುತ್ತದೆ. ಬೆಳಕು ಒಳಗೆ ಬರುವ ಲೆನ್ಸಿನ ಕಿಂಡಿಯನ್ನು ಎಫ್ 8ಕ್ಕೆ ಇಡಿ. ಇನ್ನೂ ಮುಚ್ಚಿದರೆ ಜಾಸ್ತಿ ಚೂಪು ಬರುತ್ತದೆ ಅಂತ ತುಂಬ ಜನ ಅಂದುಕೊಂಡಿದ್ದಾರೆ. ನಾಣ್ಯವನ್ನು ಅದರ ನಿಜ ಅಳತೆಯಷ್ಟೇ ಸೆನ್ಸರಿನ ಮೇಲೆ ಮೂಡಿಸುವಾಗ ಎಫ್ 8 ಅನ್ನುವುದು ಎಫ್ 16ರ ಹಾಗೆ ವರ್ತಿಸುತ್ತದೆ. ಅದಕ್ಕಿಂತ ಆಚೆ ಹೋದರೆ ಚಿತ್ರ ಮೆತ್ತಗಾಗುತ್ತದೆ.

ಮೊಬೈಲಿನವರು ಮ್ಯಾಕ್ರೋ ಗುಂಡಿ ಒತ್ತಬೇಡಿ. ಅದು ಹೆಚ್ಚಿನ ಫೋನುಗಳಲ್ಲಿ ಎರಡು ಮೂರು ಸೆಂಟಿಮೀಟರ್ ಹತ್ತಿರ ಹೋಗುತ್ತದೆ, ಫೋನಿನ ನೆರಳೇ ನಾಣ್ಯದ ಮೇಲೆ ಬೀಳುತ್ತದೆ. ಒಂದು ಗೇಣು ದೂರದಲ್ಲಿಟ್ಟು ಎರಡರಷ್ಟು ಜೂಮ್ ಮಾಡಿ. ನಾಲ್ಕು ಪುಸ್ತಕಗಳ ಎರಡು ಅಟ್ಟಿ ಮಾಡಿ ನಡುವೆ ಫೋನ್ ಮಲಗಿಸಿದರೆ ಅದೇ ಸ್ಟ್ಯಾಂಡ್. ಕೆಲವು ಎಲ್‌ಇಡಿ ಬಲ್ಬುಗಳಲ್ಲಿ ಚಿತ್ರದ ಮೇಲೆ ಅಡ್ಡ ಪಟ್ಟೆಗಳು ಬರುತ್ತವೆ. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು, ಬಲ್ಬು 100 ಸಲ ಮಿಣುಕುತ್ತದೆ. ಶಟರನ್ನು ಸೆಕೆಂಡಿನ ಐವತ್ತನೇ ಒಂದು ಪಾಲಿಗೆ ಇಟ್ಟರೆ ಪಟ್ಟೆ ಹೋಗುತ್ತದೆ.

ನಾಣ್ಯವನ್ನು ನೇರ ಬಟ್ಟೆಯ ಮೇಲೆ ಇಡುವ ಬದಲು ಒಂದು ಬಾಟಲಿ ಮುಚ್ಚಳದ ಮೇಲೆ ಏರಿಸಿ. ಮುಚ್ಚಳ ನಾಣ್ಯಕ್ಕಿಂತ ಸಣ್ಣದಿರಲಿ. ಕೆಳಗಿನ ಬಟ್ಟೆ ಮಸುಕಾಗುತ್ತದೆ, ನಾಣ್ಯದ ನೆರಳು ಎಲ್ಲೋ ದೂರ ಬೀಳುತ್ತದೆ.

ಬಣ್ಣದ ಬಗ್ಗೆ ಒಂದು ಮಾತು. ಕಿಟಕಿಯ ಬೆಳಕು ನೀಲಿ ಕಡೆಗೆ, ಬಲ್ಬಿನ ಬೆಳಕು ಹಳದಿ ಕಡೆಗೆ. ಎರಡನ್ನೂ ಬೆರೆಸಿದರೆ ಬೆಳ್ಳಿಯ ಒಂದು ಕೆನ್ನೆ ನೀಲಿ, ಇನ್ನೊಂದು ಹಳದಿ. ಆಮೇಲೆ ಸರಿ ಮಾಡಲಿಕ್ಕಾಗುವುದಿಲ್ಲ. ಇನ್ನು ನಮ್ಮ ಮನೆಗಳಲ್ಲಿ ಒಂದು ತೊಂದರೆ ಉಂಟು, ಕೆಂಪು ಸಿಮೆಂಟಿನ ನೆಲ. ನೆಲದಲ್ಲಿ ಕೂತು ತೆಗೆದರೆ ಬೆಳ್ಳಿಗೆ ತಾಮ್ರದ ಛಾಯೆ ಬರುತ್ತದೆ. ನೀವು ಹಾಕಿಕೊಂಡ ಅಂಗಿಯೂ ನಾಣ್ಯದಲ್ಲಿ ಕಾಣುತ್ತದೆ. ಬಿಳಿ ಅಥವಾ ಬೂದು ಅಂಗಿ ಹಾಕಿ. ಒಂದು ಬಿಳಿ ಕಾಗದವನ್ನು ಅದೇ ಬೆಳಕಲ್ಲಿ ತೋರಿಸಿ ಕ್ಯಾಮೆರಾಕ್ಕೆ ಬಿಳಿ ಯಾವುದು ಅಂತ ಹೇಳಿಕೊಡಿ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಎರಡು ಮೂರನ್ನು ಬರೆಯುತ್ತೇನೆ.

ನಿವೃತ್ತ ಮಾಷ್ಟ್ರೊಬ್ಬರು ಕೇಳಿದರು: “ಹಳೆಯ ನಾಣ್ಯದ ಪುಸ್ತಕಗಳಲ್ಲಿ ಕಪ್ಪು ಬಿಳುಪು ಚಿತ್ರ ಅಷ್ಟು ಸ್ಪಷ್ಟ ಬರುತ್ತಿತ್ತಲ್ಲ, ಅದು ಹೇಗೆ?” ಒಳ್ಳೆಯ ಪ್ರಶ್ನೆ, ಮಾಷ್ಟ್ರೇ. ಅವುಗಳಲ್ಲಿ ಎಷ್ಟೋ ಚಿತ್ರ ನಾಣ್ಯದ್ದಲ್ಲ. ನಾಣ್ಯದ ಪಡಿಯಚ್ಚನ್ನು ಪ್ಲಾಸ್ಟರಿನಲ್ಲಿ ತೆಗೆದು ಅದರ ಫೋಟೋ ತೆಗೆಯುತ್ತಿದ್ದರು. ಪ್ಲಾಸ್ಟರಿಗೆ ಹೊಳಪಿಲ್ಲ, ಬಣ್ಣವಿಲ್ಲ, ಆಕಾರ ಮಾತ್ರ. ಈಗ ಅದರ ಕೆಲಸವನ್ನು ಬೇರೆ ರೀತಿಯಲ್ಲಿ ಮಾಡುತ್ತಾರೆ. 2001ರಲ್ಲಿ ಎಚ್‌ಪಿ ಕಂಪನಿಯ ಪ್ರಯೋಗಾಲಯದ ಟಾಮ್ ಮಾಲ್ಜ್‌ಬೆಂಡರ್ ಎಂಬವರು ಒಂದು ವಿಧಾನ ತೋರಿಸಿದರು. ಅದು ಬೆಳೆದು ಈಗ ಹೀಗೆ ಮಾಡುತ್ತಾರೆ: ಕ್ಯಾಮೆರಾ, ನಾಣ್ಯ ಎರಡೂ ಅಲುಗಬಾರದು. ಪಕ್ಕದಲ್ಲಿ ಒಂದು ಹೊಳೆಯುವ ಕಪ್ಪು ಗೋಲಿ ಇಡುವುದು. ಟಾರ್ಚನ್ನು ದಾರದಿಂದ ಅಳೆದು ಒಂದೇ ದೂರದಲ್ಲಿ ಹಿಡಿದು ಮೂವತ್ತು ನಲವತ್ತು ದಿಕ್ಕಿನಿಂದ ಫೋಟೋ ತೆಗೆಯುವುದು. ದೀಪ ಎಲ್ಲಿತ್ತು ಅಂತ ಗೋಲಿಯ ಮೇಲಿನ ಚುಕ್ಕೆ ಹೇಳುತ್ತದೆ. ಕಂಪ್ಯೂಟರ್ ಎಲ್ಲವನ್ನೂ ಸೇರಿಸಿಕೊಟ್ಟ ಮೇಲೆ ದೀಪವನ್ನು ಪರದೆಯ ಮೇಲೆ ಬೇಕಾದ ಕಡೆ ಓಡಿಸಬಹುದು. ಇದರ ತಂತ್ರಾಂಶ ಉಚಿತವಾಗಿ ಸಿಗುತ್ತದೆ.

ಒಬ್ಬ ಅಕ್ಕ ಕೇಳಿದರು: “ಹಾಗಾದರೆ ಮಣ್ಣು ಮೆತ್ತಿದ್ದರೂ ತೊಳೆಯಬಾರದಾ?” ಸಡಿಲ ಮಣ್ಣಾದರೆ ಶುದ್ಧ ನೀರಲ್ಲಿ ಅದ್ದಿ, ತಾನಾಗಿ ಬಿಟ್ಟಷ್ಟು ಬಿಡಲಿ. ಬ್ರಷ್, ಹುಳಿ, ಸೋಡಾ, ಹಲ್ಲುಪುಡಿ ಯಾವುದೂ ಬೇಡ. ಒತ್ತಿ ಒರೆಸಲೂ ಬೇಡ, ಬಟ್ಟೆಯ ಮೇಲೆ ಇಟ್ಟು ಒಣಗಿಸಿ. ಹಿಡಿಯುವಾಗ ಅಂಚಿನಲ್ಲಿ ಹಿಡಿಯಿರಿ, ಬೆರಳಿನ ಬೆವರು ತಾಮ್ರದ ಮೇಲೆ ಗುರುತು ಬಿಡುತ್ತದೆ. ನಮ್ಮಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ. ಮೆತ್ತಗಿನ ಪಿವಿಸಿ ಪ್ಲಾಸ್ಟಿಕ್ ಲಕೋಟೆಯಲ್ಲಿಟ್ಟರೆ ಹಸಿರು ಅಂಟು ಬಂದು ನಾಣ್ಯ ಹಾಳಾಗುತ್ತದೆ. ಕಾಗದದ ಲಕೋಟೆ, ಗಾಳಿಯಾಡದ ಡಬ್ಬಿ, ಅದರೊಳಗೆ ತೇವ ಹೀರುವ ಸಿಲಿಕಾ ಜೆಲ್. ಇಷ್ಟು ಮಾಡಿ, ಅಕ್ಕ. ಮತ್ತೆ, ತೋಟ ಅಗೆಯುವಾಗ ಗಂಟು ಸಿಕ್ಕಿದ್ದಾದರೆ ಇದ್ದ ಹಾಗೆಯೇ ಫೋಟೋ ತೆಗೆದು ಅಧಿಕಾರಿಗಳಿಗೆ ತಿಳಿಸಿ. ನಿಧಿಗೆ ಕಾನೂನು ಇದೆ.

ಕಲಿಯುವುದಕ್ಕೆ ಯಾವ ನಾಣ್ಯ ಒಳ್ಳೆಯದು ಅಂತ ಒಬ್ಬ ಹುಡುಗ ಕೇಳಿದ. ಅಲ್ಯೂಮಿನಿಯಮಿನ ಮೂರು ಪೈಸೆ ತಗೋ ಮಗಾ, ಆರು ಮೂಲೆಯದ್ದು. ನಡುವೆ ತೂತಿರುವ ಒಟ್ಟೆ ಮುಕ್ಕಾಲು ಸಿಕ್ಕಿದರೆ ಅದೂ ಒಳ್ಳೆಯದು, 1943ರಿಂದ 47ರವರೆಗಿನದ್ದು. ಆ ತೂತಿನ ಅಂಚು ಎರಡೂ ಕಡೆ ಸಮ ಬೆಳಗುವ ಹಾಗೆ ದೀಪ ಹೊಂದಿಸಲು ಬಂದರೆ ನಿನಗೆ ಅರ್ಧ ಕೆಲಸ ಬಂದ ಹಾಗೆ.

ಎಲ್ಲರೂ ಚಹಾಕ್ಕೆ ಎದ್ದಾಗ ವಯಸ್ಸಾದ ಒಬ್ಬರು ಮುಂದೆ ಬಂದರು. ಮಡಿಸಿದ ಕಾಗದದಲ್ಲಿ ಒಂದು ತಾಮ್ರದ ಬಿಲ್ಲೆ. ಆನೆ ದುಡ್ಡು. ತೊಳೆದಿರಲಿಲ್ಲ. ನನ್ನ ಅಜ್ಜಿಯ ಬಿಲ್ಲೆಗಿದ್ದ ಅದೇ ಕಪ್ಪು ಕಂದು. ಹಿಂಬದಿಯ ಅಕ್ಷರ ಅಳಿಸಿದೆ ಅಂದರು. ಬಾಟಲಿ ಮುಚ್ಚಳದ ಮೇಲೆ ಇಟ್ಟೆವು. ಟಾರ್ಚನ್ನು ಹನ್ನೊಂದು ಗಂಟೆಯ ಕಡೆಯಿಂದ ಮೇಜಿಗೆ ಒರಗಿಸಿದೆ. ಎದುರಿಗೆ ಒಬ್ಬ ಹುಡುಗಿ ಬಿಳಿ ಕಾಗದ ಹಿಡಿದಳು. ಪರದೆಯ ಮೇಲೆ ಗೆರೆಗಳು ಎದ್ದವು, ಆದರೆ ನನಗೆ ಆ ಲಿಪಿ ಬರುವುದಿಲ್ಲ. ಬಾಗಿಲ ಹತ್ತಿರ ಚಹಾ ಲೋಟ ಹಿಡಿದು ನಿಂತಿದ್ದ ಒಬ್ಬ ಯುವಕ, ಮದರಸದಲ್ಲಿ ಓದಿದವನಂತೆ, ಹತ್ತಿರ ಬಂದ. ದೀಪ ಸ್ವಲ್ಪ ಬಲಕ್ಕೆ ತನ್ನಿ ಅಂದ. ತಂದೆ. ಬೆರಳಿಟ್ಟು ಬಲದಿಂದ ಎಡಕ್ಕೆ ಓದಿದ: “ಜರ್ಬ್... ಇಲ್ಲಿ ನೂನ್... ಗಾಫ್... ರೇ. ನಗರ.”

ಜರ್ಬ್ ಅಂದರೆ ಟಂಕಿಸಿದ್ದು. ನಗರ ಅಂದರೆ ಬಿದನೂರು, ಹೈದರ್ ಹೆಸರು ಬದಲಿಸಿದ ಮೇಲಿನದ್ದು. ಘಟ್ಟ ಇಳಿದು ಬಂದ ದುಡ್ಡು. ಆ ಹಿರಿಯರು ತುಂಬ ಹೊತ್ತು ಪರದೆಯನ್ನೇ ನೋಡಿದರು. ಆಮೇಲೆ, “ಆನೆಯ ಬದಿಯದ್ದೂ ಒಂದು ತೆಗೆಯಿರಿ” ಅಂದರು. ಬಿಲ್ಲೆಯನ್ನು ಅಂಚಿನಲ್ಲಿ ಹಿಡಿದು ಮಗುಚಿದೆ. ಆನೆ ಬಲಕ್ಕೆ ನೋಡುತ್ತಿತ್ತು, ಅದಕ್ಕೆ ಟಾರ್ಚನ್ನು ಒಂದು ಗಂಟೆಯ ಕಡೆಗೆ ತಂದೆ. ಸೊಂಡಿಲು ಬಂತು, ದಂತ ಬಂತು, ಕಿವಿಯ ಮಡಿಕೆ ಬಂತು. ಕಣ್ಣಿನ ಗೆರೆಯೂ ಇತ್ತು.